ಕೊಂಬಿನಿಳಿ

ಸೊಳ್ಳೆ ಕೂತರೆ ಊದಿ ಕಳಿಸುವ ಜೈನರು
ನಮ್ಮ ಧರಣೇಂದ್ರಯ್ಯ ಮೇಷ್ಟ್ರು
ವರ್ಷಕ್ಕೊಮ್ಮೆ, ಎಂಟನೇ ಬಿ ಸೆಕ್ಷನ್ನಿನಲ್ಲಿ,
ಸೀಸರನನ್ನು ಕೊಲ್ಲುತ್ತಿದ್ದರು.
ಆಯುಧ ಸೀಮೆಸುಣ್ಣ. ಇರಿತ ಇಪ್ಪತ್ಮೂರು.
ಎಣಿಸುವುದು ನಮ್ಮ ಕೆಲಸ.
ಹದಿನೇಳಕ್ಕೆ ಗಂಟೆ ಹೊಡೆದರೆ
ಮಿಕ್ಕ ಆರು ನಾಳೆಗೆ;
ಸೀಸರ್ ಒಂದು ರಾತ್ರಿ ಜಾಸ್ತಿ ಬದುಕುತ್ತಿದ್ದ
ಹಾಸನದಲ್ಲಿ.

ಲ್ಯಾಟಿನ್ ಅಂದರೇನ್ರೋ ಎಂದರೆ ಹಿಂದಿನ ಬೆಂಚು:
ಕರೆಂಟು ಹೋದಾಗ ಹಚ್ಚೋದು ಸಾ!
ಬಯ್ಯಲಿಲ್ಲ. 'ಹೌದು ಕಣ್ರಪ್ಪ,
ಯೂರೋಪು ಸಾವಿರ ವರ್ಷ ಓದಿದ್ದು
ಅದೇ ಲಾಟೀನಿನ ಬೆಳಕಲ್ಲಿ.
ಗಾಜಿಗೆ ಮಸಿ ಹಿಡಿದಿತ್ತು, ಅಷ್ಟೆ.'

ರೋಮ್ ಹತ್ತಿ ಉರಿದ ದಿನ
ಬೀದಿಬೀದಿಯಲ್ಲಿ ಜನ
'ನೀರೋ! ನೀರೋ!' ಎಂದು ಬಡಕೊಂಡರಂತೆ.
ಪಾಪ, ಅರಸ ತನ್ನನ್ನೇ ಕರೆದರೆಂದು
ಪಿಟೀಲು ಸಮೇತ ಬಂದನಂತೆ.
ಒಂದು ಕೊಳದಪ್ಪಲೆ ಹಿಡಿದಾದರೂ ಬರಬಾರದಿತ್ತೇ!
ಮುಂಗೈ ಮೇಲೆ ಎದ್ದು ನಿಂತದ್ದು
ರೋಮವೋ ಸಾಮ್ರಾಜ್ಯವೋ
ತಿಳಿಯದ ವಯಸ್ಸು ನಮ್ಮದು.

ಬೋರ್ಡಿನ ಮೇಲೆ ಸಿಂಹಾಸನ ಎಂದು ಬರೆದು
ಮೊದಲಕ್ಷರ ಅಂಗೈಯಲ್ಲಿ ಮುಚ್ಚಿ,
'ಸೀಸರ್ ಬಿದ್ದ ಮೇಲೆ ಉಳಿದದ್ದೇನು?'
ಇಡೀ ಕ್ಲಾಸು: 'ಹಾಸನ!'

ನನಗೂ ಚಟ ಹತ್ತಿತು.
ಕಟ್ಟಿನಕೆರೆ ಮಾರ್ಕೆಟ್ಟಿನ ಪಾತ್ರೆ ಅಂಗಡಿಯವರ ಮಗಳು ಕುಮುದಳಿಗೆ
ಕ್ಲಿಯೋಪಾತ್ರೆ ಎಂದು ಹೆಸರಿಟ್ಟೆ.
ಅವಳು ತಿರುಗಿಸಿ ನನಗೊಂದು ಕೊಟ್ಟಳು,
ಅದನ್ನಿಲ್ಲಿ ಬರೆಯಲಾರೆ.

ಇಪ್ಪತ್ತೆರಡು ಇರಿತ ಆದ ಮೇಲೆ
ಮೇಷ್ಟ್ರು ನಿಲ್ಲುತ್ತಿದ್ದರು.
'ನೀನು' ಎಂದು ಬರೆದು,
'ಇದು ಬರೀ ಕರೆಯೋದು. ಈಗ ನೋಡಿ.'
ನಕಾರದ ಕೊಂಬಿಗೆ ಇಳಿ ಎಳೆದು:
'ನೀನೂ.
ಕತ್ತಿ ಇಳಿದದ್ದು ಇಲ್ಲಿ. ಮಿಕ್ಕವು ಬರೀ ಗಾಯ.
ನಂಬದೇ ಇರೋರಿಗೆ ಯಾರೂ
ದೀರ್ಘ ಹಾಕೋಲ್ಲ.'

ಮಾರನೆಯ ದಿನ ಅಗಸ್ಟಸ್.
ಹೆಸರು ಬರೆದು ತಿರುಗುವಷ್ಟರಲ್ಲಿ
ಮುಂದಿನ ಬೆಂಚಿನ ಮಾಚೇಶನ ಕಡೆ ಕೈ ತೋರಿಸಿ
'ಅಗಸ... ಟಸ್!' ಅಂದೆ.
ಟಸ್ ಅಂದದ್ದು
ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ.
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ನಗು ಅಂಟುರೋಗ; ಮೇಷ್ಟ್ರ ಮೀಸೆಯ ತುದಿಗೂ
ಒಂಚೂರು ಹತ್ತಿತು.
ಪದಕ್ಕೆ ನಕ್ಕರು, ಹುಡುಗನಿಗಲ್ಲ.
ಆದರೂ ಹತ್ತಿತು.

ಮಾಚೇಶ ಎದ್ದು ನಿಂತ.
ಆ ಕ್ಲಾಸಿನಲ್ಲಿ ಅವನ ಅಂಗಿಯಷ್ಟು ಬಿಳಿ
ಇನ್ನೊಂದಿರಲಿಲ್ಲ.
'ನೀವೂನಾ ಸಾ?'

ಸೀಮೆಸುಣ್ಣ ಮುರಿಯಲಿಲ್ಲ, ಏನೂ ಆಗಲಿಲ್ಲ.
ಹೊರಗೆ ಬಿ.ಎಂ. ರಸ್ತೆಯಲ್ಲಿ
ಲಾರಿಯೊಂದು ಗೇರು ಬದಲಿಸಿತು.
ಮೇಷ್ಟ್ರು ಡಸ್ಟರು ತಗೊಂಡು
ಅರ್ಧ ಸಾಮ್ರಾಜ್ಯ ಒರೆಸಿ
ಅಲ್ಲಿಗೇ ಬಿಟ್ಟರು.

ಹೊತ್ತು ಮುಳುಗುವ ಮುನ್ನ ಉಣ್ಣುವವರು
ಅವತ್ತು ಉಣ್ಣದೆ
ಸೈಕಲ್ಲು ತುಳಿದು ಅವನ ಮನೆಗೆ ಹೋದರಂತೆ.
'ರೋಮಿನಲ್ಲಿ ಓಟಿಗೆ ನಿಲ್ಲೋನು
ಸುಣ್ಣದಂಥ ಬಿಳೀ ಬಟ್ಟೆ ಉಟ್ಟು ಬರಬೇಕಿತ್ತಪ್ಪ.
ಅಗಸನಿಗೂ ಅರಸನಿಗೂ ನಡುವೆ
ಒಂದೇ ಅಕ್ಷರ.'
ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದ ಅವನಪ್ಪ
ತಲೆಯೆತ್ತದೆ ಅಂದನಂತೆ:
'ಆ ಒಂದಕ್ಸರ ದಾಟ್ಲಿ ಅಂತ್ಲೇ ಸಾ,
ಇವನ್ನ ನಿಮ್ಮತ್ರ ಕಳ್ಸಿರೋದು.'

ಆಮೇಲೆ ಮೇಷ್ಟ್ರು ಜನರ ಹೆಸರಿನ ತಂಟೆಗೆ ಹೋಗಲಿಲ್ಲ.
ನೀರೋ ಮಾತ್ರ ಪಿಟೀಲು ಹಿಡಿದು
ಪ್ರತಿ ವರ್ಷ ಬಂದ.
ಮಾಚೇಶ ನನ್ನೊಡನೆ ಮಾತು ಬಿಟ್ಟವನಲ್ಲ.
ಲೆಕ್ಕದ ಕಾಪಿ ಕೊಟ್ಟ, ಸೈಕಲ್ ಪಂಪು ಕೇಳಿದ,
ಎಂದಿನಂತೆ.

ಇಷ್ಟು ವರ್ಷದ ಮೇಲೂ ಕುಟುಕುವುದು ಬೇರೆ.
ಅಂದವನು ನಾನು.
ಅವನು ಕೇಳಿದ್ದು ಮೇಷ್ಟ್ರನ್ನು.
ಎರಡು ಬೆಂಚು ಹಿಂದೆ ಕೂತಿದ್ದ ನನ್ನ ಕಡೆ
ತಿರುಗಿ ನೋಡಲೂ ಇಲ್ಲ.
ನನ್ನ ಪಾಲಿಗೆ
ಒಂದು ಕೊಂಬಿನಿಳಿಯೂ ಸಿಗಲಿಲ್ಲ.