ಫಲಾನುಭವಿಗಳ ಸಂಖ್ಯೆ

ಬೆಳಗಾವಿಯಿಂದ ನಿಮ್ಮ ಫಾರ್ಮು ಬಂದು ಮುಟ್ಟೇತಿ.
ನಾಕನೇ ಕಾಲಂ ತನಕ ತೊಡಕಿಲ್ಲ:
ಸಭೆಯ ಹೆಸರು. ತಾಲೂಕು ಬಾದಾಮಿ, ಜಿಲ್ಲಾ ಬಾಗಲಕೋಟಿ.
ಕೊಟ್ಟ ವಸ್ತು: ನೀಲಿ ತಾಡಪತ್ರಿ, ಹನ್ನೆರಡು,
ಹೊಳಿ ಬಂದ ವರ್ಷ.
ಈಗ ಉಳದದ್ದು ಏಳು.
ಒಂದರ ಮೂಲಿ ಇಲಿ ತಿಂದಾವ,
ಅದನ್ನೂ ಲೆಕ್ಕಕ್ಕ ಹಿಡದೇನಿ.

ಐದನೇ ಕಾಲಂ: ಫಲಾನುಭವಿಗಳ ಸಂಖ್ಯೆ.
ಪೆನ್ನು ಅಲ್ಲೇ ನಿಂತು ಮೂರು ದಿನ ಆತು.

ಮಲಪ್ರಭಾ ಓಣಿಯೊಳಗ ಬಂದಾಗ
ಲೆಕ್ಕ ಹಗುರಿತ್ತು.
ಕೆಂಪು ಬಂಡಿಗಲ್ಲಿನ ಮ್ಯಾಲೆ ಕಟ್ಟಿದ್ವಿ,
ಒಂದೊಂದರ ಕೆಳಗ ಮೂರು ಮನಿ,
ಮೂರು ಒಲಿ, ಒಂದ ಜಗಳ.
ಹೊಳಿ ಇಳೀತು. ಮಂದಿ ಮನಿಗೆ ಹೋದ್ರು.
ತಾಡಪತ್ರಿ ಹೋಗಲಿಲ್ಲ.

ಸಂಗವ್ವ ಬಿಳಿಜೋಳದ ರಾಶಿಗೆ ಒಯ್ದಳು.
ಮಕ್ತುಮಸಾಬ ಕುಸುಬಿ ಬಡಿಯಾಕ ಒಯ್ದ,
ವಾರ ಬಿಟ್ಟು ಮಗಳ ನಿಕಾಕ್ಕ ಅದನ್ನ ಚಪ್ಪರ ಹಾಕಿದ.
ಮದರಂಗಿ ಕಲಿ ಇನ್ನೂ ಐತಿ, ನೋಡಾಕ ಬರ್ರಿ.
ಕುಸುಬಿ ಮುಳ್ಳೂ ಇದ್ದುವು.
ಆಯಿತವಾರ ಪ್ರಸಂಗದ ನಡುವ
ಇಡೀ ಸಭೆ ಮಿಸುಕಾಡಿತು;
ಅಯ್ಯಗಳು ತಮ್ಮ ಮಾತು ತಾಕೇತಿ ಅಂತ ತಿಳದು
ಇನ್ನೂ ಅರ್ಧ ತಾಸು ಎಳದ್ರು.

ಹೌದ್ರಿ, ನಾವು ಕೂಡೂದೂ ಅದರ ಮ್ಯಾಲೆ.
ಜಮಖಾನಿ ಹೊಳಿ ಒಯ್ದದ್ದು ತಿರುಗಿ ತಂದಿಲ್ಲ.
ಇದನ್ನ ಹಿಂದಿನ ಫಾರ್ಮಿನ್ಯಾಗ ಬರದಿದ್ದಿಲ್ಲ.

ಹಿರಿಯ ಯೋಬಪ್ಪ ಮಾರಿ ಗಂಟು ಹಾಕಿದ್ದ:
‘ಸಭೆಯದು ಸಭೆಗೇ ಇರಲಿ.’
ನಾನೂ ಹತ್ತು ದಿನ ಖೋಲಿಗೆ ಕೀಲಿ ಜಡದೆ, ಸುಳ್ಳ್ಯಾಕ.
ಒಂದ ನಡುರಾತ್ರಿ, ಜಡಿಮಳಿ, ಅವನ ಎಮ್ಮಿ ಈಯಾಕ ಹತ್ತಿತು.
ಕೀಲಿ ಕೇಳಾಕ ಬಂದವ
ಕಂದೀಲು ಕೆಳಗಿಟ್ಟು, ನನ್ನ ಮಾರಿ ನೋಡಲಿಲ್ಲ.
ಅವತ್ತಿಂದ ಕೀಲಿ ಬಾಗಿಲದ ಮೊಳಿಗೇ ಐತಿ.
ಕರ ಹೆಣ್ಣು. ಅದನ್ನ ಬರೀಲ್ಯೋ, ಬಿಡಲ್ಯೋ?

ಉಳ್ಳಾಗಡ್ಡಿ ಕಿತ್ತ ಆಯಿತವಾರ
ಅಯ್ಯಗಳು ಐದು ರೊಟ್ಟಿಯ ಮಾತು ಮುಗಿಸಿ
ಎರಡು ಮೀನಿಗೆ ಬಂದಿದ್ರು.
ಬಾಗಿಲದಾಗ ಭರಮಪ್ಪ,
ಚಪ್ಪಲಿ ಕಳದಾನ, ಒಳಗ ಕಾಲಿಡವಲ್ಲ.
ಗುಡ್ಡದ ಕಡೆ ಬಟ್ಟು ಮಾಡಿದ, ಅಷ್ಟ.
ಗಾಳಿ ನಮಗೂ ಕೇಳಿತ್ತು.
ಕೇಳದಂಗ ಕೂತಿದ್ವಿ, ಅದೂ ಖರೇ.

‘ಏಳ್ರಿ’ ಅಂದ್ರು ಅಯ್ಯಗಳು.
ಪ್ರಾರ್ಥನೆಗೆ ಅಂತ ತಿಳದು
ಮುದುಕಿ ರಾಹೇಲವ್ವ ಎದ್ದು ಕಣ್ಣು ಮುಚ್ಚಿದಳು.
ಕಾಲಾಗಿಂದ ನೆಲ ಸರೀತು.
ಅಂಚು ಅಂಚು ಹಿಡಕೊಂಡು ಓಡಿದ್ವಿ,
ಬಿಳಿ ಸೀರಿ, ಇಸ್ತ್ರಿ ಅಂಗಿ, ಎರಿ ಮಣ್ಣು ಮೊಣಕಾಲ ತನಕ,
ಓಣಿಯಾಗ ನೀಲಿ ಹೊಳಿ,
ಈ ಸಲ ನಾವ ಹೊತ್ತು ಒಯ್ದದ್ದು.
ಗಡ್ಡಿ ಮುಚ್ಚಿ, ಮ್ಯಾಲೆ ಕಲ್ಲು ಹೇರೂದಕ್ಕೂ
ಮಳಿ ಬರೂದಕ್ಕೂ ಸರಿ ಹೋತು.
ಕಲ್ಲು ಸಾಲದ ಮೂಲಿಗೆ
ಅಯ್ಯಗಳು ತಾವ ಕೂತ್ರು.

ಆ ಪ್ರಸಂಗ ಇನ್ನೂ ಮುಗದಿಲ್ಲ.
ಮೀನು ಎರಡೂ ಅಲ್ಲೇ ಅದಾವ.

ಸುಗ್ಗಿ ಹಬ್ಬದ ದಿನ ಪಾವಟಿಗಿ ಮ್ಯಾಲೆ
ಹೆಸರಿಲ್ಲದ ಒಂದು ಚೀಲ ಉಳ್ಳಾಗಡ್ಡಿ.
ಸವಾಲಿನ್ಯಾಗ ಏಳುನೂರಾ ನಲವತ್ತಕ್ಕ ಹೋತು,
ಒಯ್ದವ ಯೋಬಪ್ಪ.
ಆ ರೊಕ್ಕದಾಗ ಹಗ್ಗ, ಹಿತ್ತಾಳಿ ರಿಂಗು.
ಪಾವತಿ ಜೋಡಿಸೇನಿ.

ಆ ರೊಟ್ಟಿ ಉಂಡವರನ್ನ ಎಣಿಸಿದವ
ಹೆಂಗಸರನ್ನ, ಹುಡುಗರನ್ನ ಬಿಟ್ಟು ಬರಕೊಂಡನಂತ.
ನನಗ ಹಂಗ ಬರಿಯಾಕ ಕೈ ಬರವಲ್ಲದು.
ಮದುಮಗಳು, ಕರ, ಗಡ್ಡಿ,
ಮಳ್ಯಾಗ ಅಡಿ ಸೇರಿದ ಯಾರದೋ ಕೋಳಿ,
ಹೊಳಿ ವರ್ಷ ಸತ್ತ ಹನಮವ್ವ,
ಆಕಿಗೆ ಅದ ನೆಳ್ಳು, ಆಮ್ಯಾಲೆ ಅದ ಹೊದಿಕಿ.
ಕಾಲಂ ಸಣ್ಣದೈತಿ. ಖಾಲಿ ಬಿಟ್ಟೇನಿ.
ನಿಮಗ ತಿಳದಷ್ಟು ತುಂಬಕೊಳ್ಳ್ರಿ.

ಆರನೇದು: ಇನ್ನೇನು ಬೇಕು.
ಒಂದು ದಬ್ಬಣ.

ಈಗ ಏಳೂ ಹೊರಗ ಅದಾವ.
ನಾಳೆ ಆಯಿತವಾರ.
ನೆಲ ಒರಸಿ ಇಟ್ಟೇನಿ.

ಸುವಾರ್ತವ್ವ, ಖಜಾಂಚಿ