ಹೆಣ್ಣುಮಕ್ಕಳಿಗೂ

ದುರ್ಗಿಗುಡಿಯ ಸೈಕಲ್ ಅಂಗಡಿಯ ಮೇಲೆ
ಹಲಗೆ ಏರಿದ್ದು ಅರವತ್ತಮೂರರ ಜೂನಿನಲ್ಲಿ:
‘ಇಲ್ಲಿ ಜರ್ಮನ್ ಕಲಿಸಲಾಗುವುದು.
ಹೆಣ್ಣುಮಕ್ಕಳಿಗೂ.’
ಜಾಗ ಸಾಲದೆ ಪೇಂಟರ್
ಕಡೆಯ ಅಕ್ಷರವನ್ನು ಚೌಕಟ್ಟಿನ ಮೇಲೆ ಬರೆದಿದ್ದ.

ಅಪ್ಪ ಓದಿದ್ದು ‘ಜರ್ಮನ್’ ಅಷ್ಟೇ.
ಪಾತ್ರೆಗೆ ಕಲಾಯಿ ಹಾಕುವವನು;
ಜರ್ಮನ್ ಅಂದರೆ ಅವನಿಗೆ
ಕಲಾಯಿ ಬೇಡದ ಹಗುರ ಬಿಳಿ ಪಾತ್ರೆ,
ಹೊಟ್ಟೆಯ ಮೇಲೆ ಪೆಟ್ಟು.
ಯಾರಪ್ಪಾ ಇವನು, ಕೇಳೇಬಿಡೋಣ ಅಂತ
ಮಸಿಗೈಯಲ್ಲೇ ಮೆಟ್ಟಿಲು ಹತ್ತಿದ.
ಇಳಿದು ಬರುವಾಗ ನನ್ನ ಹೆಸರು ಬರೆಸಿದ್ದ.
ಫೀಸಿಗೆ ಬದಲು ಟೀಚರ ತಾಮ್ರದ ಹಂಡೆಗೆ,
ಎರಡು ಕೊಳಗಕ್ಕೆ, ವರ್ಷಕ್ಕೊಮ್ಮೆ ಕಲಾಯಿ.
‘ಅವನಲ್ಲ, ಅವಳು’ ಅಂದ ಅಮ್ಮಿಗೆ,
ಬೇರೇನೂ ವಿವರಿಸದೆ.

ವಾರಿಜಾಕ್ಷಿ ಟೀಚರಿಗೆ ಭಾಷೆ ಕಲಿಸಿದ್ದು
ಪುಣೆಯಿಂದ ಅಂಚೆಯಲ್ಲಿ ಬಂದ ಪಾಠ,
ಭಾವನ ಮನೆಯ ಶಾರ್ಟ್‌ವೇವ್ ರೇಡಿಯೊ.
‘ಎರಡು ವರ್ಷ ಆ ಗೊರಗೊರ ಸದ್ದೂ
ಉಚ್ಚಾರಣೆಯೇ ಅಂದ್ಕೊಂಡಿದ್ದೆ ಕಣ್ರೇ!’
ಇಶ್ ಅಲ್ಲ, ಇಖ್ ಅಲ್ಲ,
ಸಿಟ್ಟಾದ ಬೆಕ್ಕು ಬಾಗಿಲ ಸಂದಿಯಲ್ಲಿ ಹೇಗೆ... ಹಾಂ, ಹಾಗೆ.
ಕೆಳಗೆ ಪಂಕ್ಚರ್ ಹಾಕುವ ಹುಡುಗರೂ
ನಾವು ಇಳಿಯುವ ಹೊತ್ತಿಗೆ ಹಾಗೇ ಅನ್ನುತ್ತಿದ್ದರು,
ನಮಗಿಂತ ಚೆನ್ನಾಗಿ.

‘ಮೆಹರೂ, ನಿಮ್ಮನೇಲಿ ಕುರ್ಚಿ ಗಂಡೋ ಹೆಣ್ಣೋ?’
‘ಹೆಣ್ಣು, ಟೀಚರ್.’
‘ಚಂದ್ರ?’
‘ಗಂಡು.’
‘ನೋಡಿ, ಇವಳಿಗೆ ಅರ್ಧ ಜರ್ಮನ್ ಆಗಲೇ ಬರುತ್ತೆ.
ಅಲ್ಲೂ ಚಂದ್ರ ಗಂಡೇ. ಕುರ್ಚಿಯೂ ಗಂಡು, ಇರಲಿ ಬಿಡಿ.
ಸೂರ್ಯ ಮಾತ್ರ ಹೆಂಗಸು.’
ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದ ಮೂವರು ಅಪ್ರೆಂಟಿಸರು
ಕಿಟಕಿಯಾಚೆ ಇಣುಕಿದರು,
ಅವಳನ್ನು ಈಗಷ್ಟೇ ಕಂಡವರ ಹಾಗೆ.

ಹುಡುಗಿ? ದಸ್ ಮೇಡ್‌ಶೆನ್. ನಪುಂಸಕ.
ನಾನು ಪೆನ್ಸಿಲ್ ಕೆಳಗಿಟ್ಟೆ.
‘ಸಿಟ್ಟು ಬಂತಾ? ಸಾಗರದ ಕಡೆ ನಮ್ಮಲ್ಲೂ ಹಾಗೇ.
ಅದು ಬಂತು, ಅದು ಉಂಡಿತು,
ಅದು ಇನ್ನೂ ಓದ್ತಡ.
ಇಪ್ಪತ್ತನಾಲ್ಕು ವರ್ಷ ನಾನು ಅದು.’
ಸೀಮೆಸುಣ್ಣ ಹುಡುಕಿ ಇನ್ನೊಂದು ಬರೆದರು:
ದೀ ಲೇರರಿನ್. ಶಿಕ್ಷಕಿ. ಸ್ತ್ರೀಲಿಂಗ.
ಒರೆಸಲಿಲ್ಲ. ಗುರುವಾರದ ತನಕ ಅಲ್ಲೇ ಇತ್ತು.

ಆ ಚಳಿಗಾಲ ಕಾರ್ಖಾನೆಗೊಂದು ಯಂತ್ರ ಬಂದು
ಹನ್ನೊಂದು ದಿನ ಗೋಣಿಯಡಿ ಮಲಗಿತ್ತು.
‘ಶ್ರೀಯುತ ವಿ. ಹೆಗಡೆ’ಯವರಿಗೆ ಕಾಗದ, ಹಿಂದೆಯೇ ಜೀಪು.
ಡ್ರೈವರ್ ಅವರನ್ನು ದಾಟಿ ಒಳಗೆ ನೋಡಿದ:
‘ಸಾಹೇಬರಿಲ್ವಾ?’
ನಿಘಂಟು ಹೊರಲಿಕ್ಕೆ ನಾನೂ ಹೋದೆ.
ಅಲ್ಲಿ ಮೂವರು ಸ್ಪ್ಯಾನರಿಗೆ ಜೋತುಬಿದ್ದು
ನಟ್ಟೊಂದನ್ನು ಬಲಕ್ಕೆ, ಇನ್ನೂ ಬಲಕ್ಕೆ.
ಟೀಚರ್ ಕನ್ನಡಕ ಒರೆಸಿ
ಪುಟದ ತಳದ ಸಣ್ಣಕ್ಷರದ ಮೇಲೆ ಬೆರಳಿಟ್ಟು
ಗೇಣುದ್ದದ ಪದವನ್ನು ಕಡಲೆಕಾಯಿಯಂತೆ ಬಿಡಿಸಿ,
‘ಇದು ಎಡ ತಿರುಪು. ಎಡಕ್ಕೆ ತಿರುಗಿಸಿ’ ಅಂದರು.
ತಿರುಗಿತು.
ಯಾರೂ ಏನೂ ಅನ್ನಲಿಲ್ಲ. ಚಹಾ ತರಿಸಿದರು.
ವೋಚರಿನಲ್ಲಿ ‘ಶ್ರೀಯುತ’ ಹೊಡೆದುಹಾಕಿ
ಮೇಲೆ ಒಂದು ಪದ ಬರೆದು ಸಹಿ ಮಾಡಿದರು.
ಗುಮಾಸ್ತನಿಗೆ ಓದಲಾಗಲಿಲ್ಲ. ನನಗೆ ಆಯಿತು.

ಮೊನ್ನೆ ಸಾಗರಕ್ಕೆ ಹೋಗಿದ್ದೆ, ದಿನಗಳೆಲ್ಲ ಮುಗಿದ ಮೇಲೆ.
ಎಂಬತ್ತು ದಾಟಿದ ತಮ್ಮ, ಗೋಡೆಗೊರಗಿ,
‘ಅದು ನಿದ್ದೆಯಲ್ಲೇ ಹೋತು’ ಅಂದರು.
ಗಂಟಲು ಕಟ್ಟಿತ್ತು ಅವರಿಗೆ.
ಮೂವತ್ತಾರು ವರ್ಷ ಲಿಂಗ ತಿದ್ದಿದ ನಾಲಗೆ ನನ್ನದು,
ಎದ್ದಿತು,
ಅವರ ಮುಖ ನೋಡಿ ಮಲಗಿತು.

ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ
ಅಪ್ಪ ಕಲಾಯಿ ಹಾಕಿದ ಹಂಡೆ,
ಅದರ ಮುಚ್ಚಳ ಆ ಹಲಗೆ.
ಹಬೆಗೆ ಮೊದಲ ಸಾಲು ಪೂರ್ತಿ ಅಳಿಸಿದೆ.
ಚೌಕಟ್ಟಿನ ಮೇಲಿನ ‘ಗೂ’ ಕೆಂಪಗೆ ಕೂತಿದೆ.
ಕೇಳಿದೆ, ಕೊಡ್ತೀರಾ?
‘ಇದನ್ನಾ? ಸೌದೆಗೂ ಆಗ್ತಿಲ್ಲೆ’ ಎನ್ನುತ್ತಾ ಒರೆಸಿ ಕೊಟ್ಟು,
ನೀರಿಗೆ ಕಸ ಬಿದ್ದೀತೆಂದು
ಅಡುಗೆಮನೆಯಲ್ಲಿ ಹುಡುಕಾಡಿ
ಒಂದು ಜರ್ಮನ್ ತಟ್ಟೆ ತಂದು ಮುಚ್ಚಿದರು.