ನೀವು ಕಂಡ ವಿದ್ಯಾರ್ಥಿಗಳಲ್ಲಿ

ರಾತ್ರಿ ಹತ್ತೂವರೆ. ಮೇದೇಹಳ್ಳಿ ರಸ್ತೆಯ ಬಾಡಿಗೆ ಮನೆ.
ಒಂದು ಮೇಜು, ಎರಡು ಫಾರಂ,
ಅರ್ಧ ಕುಡಿದು ಮರೆತ ಚಹಾ.
ನಾಳೆ ಸಂಜೆ ಐದಕ್ಕೆ ಕೊನೆಯಂತೆ
ಆ ಆನರ್ಸ್ ಕಾಲೇಜಿನ ಅರ್ಜಿಗೆ.
ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ, ಎಲ್ಲ ಅವರದೇ.
ಜಿಲ್ಲೆಗೆ ಒಬ್ಬರು.

ಒಬ್ಬರು ಎಂಬಲ್ಲಿ
ಅಚ್ಚು ದಪ್ಪಗಿದೆ.

‘ನೀವು ಕಂಡ ವಿದ್ಯಾರ್ಥಿಗಳಲ್ಲಿ ಅಭ್ಯರ್ಥಿಯ ಸ್ಥಾನ:
ನೂರಕ್ಕೆ ಒಬ್ಬರು, ಹತ್ತಕ್ಕೆ ಒಬ್ಬರು, ಸಾಧಾರಣ.
ಒಂದಕ್ಕೆ ಮಾತ್ರ ಗುರುತು ಹಾಕಿ.’

ಇಪ್ಪತ್ತಾರು ವರ್ಷ ಸೀಮೆಸುಣ್ಣ ಹಿಡಿದ ಕೈ.
ವರ್ಷಕ್ಕೆ ನೂರಿಪ್ಪತ್ತು ತಲೆ ಅಂದರೂ
ಮೂರು ಸಾವಿರ ದಾಟಿತು ಲೆಕ್ಕ.

ಮೊದಲು ಓಬಳೇಶ.
ತೊಂಬತ್ತೆಂಟು. ಉಳಿದೆರಡು ಎಲ್ಲಿ ಹೋದವೆಂದು
ಉತ್ತರಪತ್ರಿಕೆಯ ನಕಲು ತರಿಸಿ
ನನ್ನೆದುರೇ ಬೆರಳಿಟ್ಟು ಹುಡುಕಿದವನು.
ನಾಯಕನಹಟ್ಟಿ ಕಡೆಯ ಮೊದಲ ಬಸ್ಸಿಗೆ ಬಂದು
ಕಾಲೇಜಿನ ಬೀಗ ತೆಗೆಯುವ ತನಕ ಮೆಟ್ಟಿಲ ಮೇಲೆ ಓದುವವನು.
‘ಮೇಡಂ, ಒಂದ್ಸಲ ನೋಡಿದ್ದು ಮರೆಯಲ್ಲ, ಅದೇ ಕಷ್ಟ’ ಅಂದಿದ್ದ.
ಯಾಕೆ ಕಷ್ಟ ಅಂತ ನಾನು ಕೇಳಲಿಲ್ಲ.
ಗಂಟೆ ಹೊಡೆದಿತ್ತು.

ಆಮೇಲೆ ದಿಲ್‌ಶಾದ್.
ತೊಂಬತ್ತೊಂದು. ಸಂತೆಪೇಟೆಯ ಗಾದಿ ಅಂಗಡಿ,
ಜಡೆಯಲ್ಲಿ ಸದಾ ಒಂದೆರಡು ಎಳೆ ಅರಳೆ.
ಅಪ್ಪ ಹತ್ತಿ ಹಿಂಜುವಾಗ ಕಮಾನಿನ ತಂತಿ
ಬೇಸಿಗೆಯಲ್ಲಿ ಒಂದು ದನಿ, ಥಂಡಿಗೆ ಇನ್ನೊಂದು, ಯಾಕೆ ಮಿಸ್ ಎಂದು
ಪಾಠದಲ್ಲಿಲ್ಲದ್ದು ಕೇಳಿ
ಒಂದು ವಾರ ನನ್ನ ನಿದ್ದೆ ಕೆಡಿಸಿದಳು.
ಲ್ಯಾಬಿನಲ್ಲಿ ಸತ್ತು ಬಿದ್ದಿದ್ದ ಗ್ಯಾಲ್ವನೋಮೀಟರನ್ನು
ಹೇರ್‌ಪಿನ್ನಲ್ಲಿ ಎಬ್ಬಿಸಿದವಳೂ ಇವಳೇ.
ಬೈದೇನೆಂದು ಹೇಳಿರಲಿಲ್ಲ;
ಮುಳ್ಳು ಅಲುಗಿದ್ದು ನೋಡಿ ಗೊತ್ತಾಯಿತು.

ಒಂದೇ ದಿನ, ಹತ್ತು ನಿಮಿಷದ ಅಂತರದಲ್ಲಿ
ಸ್ಟಾಫ್‌ರೂಮಿನ ಬಾಗಿಲಿಗೆ ಬಂದಿದ್ದರು.
ಇಬ್ಬರಿಗೂ ‘ಆಯ್ತು, ಬರೀತೀನಿ’ ಅಂದೆ,
ಮದುವೆ ಊಟಕ್ಕೆ ಬರ್ತೀನಿ ಅನ್ನುವಷ್ಟು ಸಲೀಸಾಗಿ.

ಇಂಗ್ಲಿಷಿನಲ್ಲೇ ಬರೆಯಬೇಕಂತೆ.
ಆ ಭಾಷೆಯ ಹೊಗಳಿಕೆ ನನಗೆ ರೆಡಿಮೇಡ್ ಅಂಗಿ:
ಸಿನ್ಸಿಯರ್, ಬ್ರಿಲಿಯಂಟ್, ಹಾರ್ಡ್‌ವರ್ಕಿಂಗ್.
ಯಾರ ಹೆಗಲಿಗೂ ಕೂರುತ್ತದೆ,
ಯಾರ ಅಳತೆಯದೂ ಅಲ್ಲ.
ಎರಡೂ ಮುಗಿಸಿ ಪಕ್ಕಪಕ್ಕ ಇಟ್ಟರೆ
ಮೂರನೇ ಸಾಲು ಎರಡರಲ್ಲೂ ಒಂದೇ:
ನನ್ನ ಸರ್ವಿಸಿನಲ್ಲೇ ಇಂಥವರನ್ನು ಇನ್ನೊಬ್ಬರನ್ನು ಕಂಡಿಲ್ಲ.

ಒಂದಾದರೂ ಸುಳ್ಳು.

ನನಗೂ ಒಬ್ಬರು ಬರೆದಿದ್ದರು, ಆ ಕಾಲಕ್ಕೆ.
ಅಂಟಿಸಿ ಕೊಟ್ಟ ಲಕೋಟೆಯನ್ನು ಹೊಳಲ್ಕೆರೆ ಬಸ್ಸಿನಲ್ಲಿ
ಉಗುರಿನಿಂದ ಮೆಲ್ಲಗೆ ಬಿಡಿಸಿ ಓದಿದ್ದೆ.
‘ನಡತೆ ಉತ್ತಮ.’
ಅಷ್ಟೇ. ಕೆಳಗೆ ಸಹಿ, ಮೊಹರು.
ಸೀಟು ಸಿಗಲಿಲ್ಲ. ನಡತೆಯೊಂದು ಉಳಿಯಿತು,
ಲಕೋಟೆ ಬಿಡಿಸಿದ ಹುಡುಗಿಯದು.

ಕರೆಂಟು ಹೋಯಿತು.
ಕಿಟಕಿಯಾಚೆ ಜೋಗಿಮಟ್ಟಿಯ ಸಾಲಿನ ಮೇಲೆ
ಗಾಳಿಯಂತ್ರಗಳ ಕೆಂಪು ದೀಪ,
ಒಟ್ಟಿಗೇ ಹತ್ತಿ, ಒಟ್ಟಿಗೇ ಆರಿ, ಮತ್ತೆ.
ನೋಡುತ್ತ ಎಷ್ಟು ಹೊತ್ತಾಯಿತೋ.

ಮೇಣದಬತ್ತಿ ಹಚ್ಚಿ, ಎರಡನ್ನೂ ಹರಿದೆ.
ಒಂದರಲ್ಲಿ ಹೇರ್‌ಪಿನ್ ಬರೆದೆ.
ಇನ್ನೊಂದರಲ್ಲಿ ಕಳೆದುಹೋದ ಎರಡು ಅಂಕ,
ಮೆಟ್ಟಿಲು, ಮತ್ತು ನಾನು ಕೇಳದೆ ಬಿಟ್ಟ ಪ್ರಶ್ನೆ.
ವ್ಯಾಕರಣ ಅಲ್ಲಲ್ಲಿ ಕುಂಟಿತು. ಕುಂಟಲಿ.

ಗುರುತಿನ ಖಾನೆಗೆ ಬಂದಾಗ
ಇಬ್ಬರಿಗೂ ಹಾಕಿದೆ: ನೂರಕ್ಕೆ ಒಬ್ಬರು.
ಫಿಸಿಕ್ಸಿನವಳು, ಲೆಕ್ಕ ತಪ್ಪಲಾರೆ.
ಮೂರು ಸಾವಿರದ ನೂರಿಪ್ಪತ್ತಕ್ಕೆ
ಅಂಥವರು ಮೂವತ್ತೊಂದು ಜನ ಇರಲೇಬೇಕು.

ಹಾಗಾದರೆ ಉಳಿದ ಇಪ್ಪತ್ತೊಂಬತ್ತು?
ಬಾಗಿಲಿಗೆ ಬಂದು ನಿಲ್ಲದವರು,
ಫಾರಂ ಇದೆಯೆಂದೇ ತಿಳಿಯದವರು.

ಲಕೋಟೆಯ ಹಿಂದೆ ಹೆಸರು ಬರೆಯತೊಡಗಿದೆ.
ಹನ್ನೊಂದಕ್ಕೆ ಪೆನ್ನು ನಿಂತಿತು.
ಹನ್ನೆರಡನೆಯವಳ ಮುಖ ಕಣ್ಣ ಮುಂದಿದೆ:
ಎಡಗೈಯಲ್ಲಿ ಬರೆಯುತ್ತಿದ್ದಳು,
ಕಿಟಕಿ ಪಕ್ಕದ ಎರಡನೇ ಬೆಂಚು,
ಇನಿಷಿಯಲ್ ಬಿ.
ಬತ್ತಿ ತಳ ಮುಟ್ಟುತ್ತಿದೆ,
ಹೆಸರು ಬರುತ್ತಿಲ್ಲ.